ಬಟನ್ ಒತ್ತೋಕೆ ನಾಲ್ಕು ವರ್ಷ ಓದಬೇಕಾ?

ಹೀಗೆ ಕೇಳಿದ್ದು ನಮ್ಮ ದೊಡ್ಡಮ್ಮ. ಪಿಯುಸಿ ಸೈನ್ಸ್ ಮುಗಿಸಿ ಬಿಎಸ್ಸಿ ಇಮೇಜಿಂಗ್ ಟೆಕ್ನಾಲಜಿಗೆ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ಕೋರ್ಸಿಗೆ, ಸೇರ್ತೀನಿ ಅಂತ ಹೇಳಿದ ದಿನ. ಮೂರು ವರ್ಷ ಪಾಠ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಸ್ಪತ್ರೆ ಕೆಲಸ ಅಂದರೆ ಡಾಕ್ಟರ್, ಇಲ್ಲಾಂದರೆ ನರ್ಸ್. ಎಕ್ಸ್‌ರೇ ತೆಗೆಯುವವರು ಅಂದರೆ ನಮ್ಮನ್ನು ತಣ್ಣನೆಯ ಹಲಗೆಗೆ ಒತ್ತಿ ನಿಲ್ಲಿಸಿ, ತಾವು ಗೋಡೆಯ ಹಿಂದೆ ಅಡಗಿ ಟಕ್ ಅನ್ನಿಸುವವರು. ಸುಳ್ಳು ಯಾಕೆ ಹೇಳಲಿ, ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ ಹೇಗೋ ಉರು ಹೊಡೆದೆ. ತಲೆ ತಿಂದದ್ದು ಫಿಸಿಕ್ಸ್. ಎಕ್ಸ್‌ರೇ ಮಶೀನಿನಲ್ಲಿ ಇಡುವ ಎರಡು ಲೆಕ್ಕ, ಕೆವಿ ಯಾವುದಕ್ಕೆ, ಎಂಎಎಸ್ ಯಾವುದಕ್ಕೆ ಅಂತ ಎಷ್ಟು ಓದಿದರೂ ಅದಲುಬದಲು ಆಗುತ್ತಿತ್ತು. ಕೊನೆಗೆ ಅರ್ಥವಾದದ್ದು ಮಳೆಗಾಲದಲ್ಲಿ ಊರಿಗೆ ಹೋಗಿ, ತೋಟದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವುದನ್ನು ನೋಡುತ್ತಾ ನಿಂತಿದ್ದಾಗ. ಪಂಪಿನ ಪ್ರೆಶರ್ ಕಮ್ಮಿ ಇದ್ದರೆ ಎಷ್ಟು ಡ್ರಮ್ ಖಾಲಿ ಮಾಡಿದರೂ ಔಷಧಿ ಅಡಿಕೆ ಗೊನೆಗೆ ಮುಟ್ಟುವುದೇ ಇಲ್ಲ, ಅಲ್ವಾ? ಆ ಪ್ರೆಶರ್ರೇ ಕೆವಿ, ಕಿರಣ ಮೈಯೊಳಗೆ ತೂರುವ ಜೋರು. ಒಟ್ಟು ಎಷ್ಟು ಔಷಧಿ ಹೋಯಿತು ಅನ್ನೋದು ಎಂಎಎಸ್, ಅಂದರೆ ಕಿರಣದ ಒಟ್ಟು ಪ್ರಮಾಣ. ಗ್ರಿಡ್ (ಚದುರಿದ ಕಿರಣ ತಡೆಯುವ ಜಾಲರಿ) ಇಟ್ಟು ಎದೆಯ ಎಕ್ಸ್‌ರೇ ತೆಗೆಯಲು 110ರಿಂದ 120 ಕೆವಿ ಬೇಕು, ಕೈಬೆರಳಿಗೆ 50ರ ಆಸುಪಾಸು ಸಾಕು. ಆಮೇಲೆ ಪರೀಕ್ಷೆಯಲ್ಲೂ ನಾನು ಮನಸ್ಸಿನಲ್ಲಿ ಪಂಪು ಹೊಡೆದುಕೊಂಡೇ ಉತ್ತರ ಬರೆದೆ.

ನಿಜವಾದ ಕಲಿಕೆ ಶುರುವಾದದ್ದು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಬಿದ್ದ ಮೇಲೆ. ಸಾಗರ, ಹೊಸನಗರ, ಸೊರಬ, ಎಲ್ಲ ಕಡೆಯಿಂದ ಜನ. ಅತಿ ಜಾಸ್ತಿ ತೆಗೆಯುವುದು ಎದೆಯ ಎಕ್ಸ್‌ರೇ. ಕಿರಣ ಬಿಡುವ ಟ್ಯೂಬ್ 180 ಸೆಂಟಿಮೀಟರ್ ದೂರ, ರೋಗಿಯ ಎದೆ ಹಲಗೆಗೆ, ಗಲ್ಲ ಮೇಲೆ, ಕೈ ಸೊಂಟದ ಮೇಲೆ, ಮೊಣಕೈ ಮುಂದಕ್ಕೆ. ಮೊಣಕೈ ಮುಂದೆ ಬಾರದಿದ್ದರೆ ಬೆನ್ನ ರೆಕ್ಕೆಮೂಳೆ ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. ಆಮೇಲೆ ಪೂರ್ತಿ ಉಸಿರು ಎಳೆದು ಹಿಡಿಯಬೇಕು. ಚಿತ್ರದಲ್ಲಿ ಹಿಂಭಾಗದ ಪಕ್ಕೆಲುಬು ಒಂಬತ್ತು ಹತ್ತು ಎಣಿಸಲು ಸಿಕ್ಕರೆ ಉಸಿರು ಸರಿಯಾಗಿ ಎಳೆದಿದ್ದಾರೆ ಅಂತ.

ಉಸಿರಿನ ವಿಷಯ ಬಂತು, ಹೇಳಿಬಿಡ್ತೀನಿ. ಒಬ್ಬ ಅಜ್ಜನಿಗೆ "ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ" ಅಂದು ಎಕ್ಸ್‌ಪೋಷರ್ ಕೊಟ್ಟೆ. ಚಿತ್ರ ಚೆನ್ನಾಗಿ ಬಂತು, ಖುಷಿಯಲ್ಲಿ ಸ್ಕ್ರೀನ್ ನೋಡುತ್ತಾ ಇದ್ದೆ. ಬಾಗಿಲಿನಿಂದ ಮೊಮ್ಮಗ ಇಣುಕಿ, "ಮೇಡಂ, ಅಜ್ಜ ಇನ್ನೂ ಉಸಿರು ಬಿಟ್ಟಿಲ್ಲ" ಅಂದ! ಅವತ್ತಿನಿಂದ "ಬಿಡಿ" ಅನ್ನುವ ಮಾತು ನನ್ನ ಬಾಯಿಂದ ತಪ್ಪಿಲ್ಲ.

ಇನ್ನೊಂದು ದಿನದ್ದು ನಗುವ ವಿಷಯ ಅಲ್ಲ. ಕೆಮ್ಮು ಅಂತ ಬಂದ ಹೆಂಗಸಿನ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಮಸುಕು ಬಿಳಿ ಕಾಣಿಸಿತು. ಟಿಬಿ ಜಾಸ್ತಿ ಕಾಣಿಸಿಕೊಳ್ಳುವುದೂ ಅದೇ ಜಾಗದಲ್ಲಿ. ನಾನು ದೊಡ್ಡದೇನೋ ಹಿಡಿದವಳ ಹಾಗೆ ಎಕ್ಸ್‌ರೇ ನೋಡಿ ವರದಿ ಬರೆಯುವ ಡಾಕ್ಟರ್, ರೇಡಿಯಾಲಜಿಸ್ಟ್ ಹತ್ತಿರ ಓಡಿದೆ. ಅವರು ಒಂದು ಕ್ಷಣ ನೋಡಿ, "ಜಡೆ ಎತ್ತಿ ಕಟ್ಟಿಸಿದ್ಯೇನಮ್ಮ?" ಅಂದರು. ಕಟ್ಟಿಸಿರಲಿಲ್ಲ. ಮಳೆಯಲ್ಲಿ ನೆನೆದು ಬಂದಿದ್ದ ದಪ್ಪ ಜಡೆ, ಹೆಗಲ ಹಿಂದೆ ಹಾಗೇ ಬಿದ್ದಿತ್ತು. ಅವರು ಬೆರಳಿಟ್ಟು ತೋರಿಸಿದರು: ಆ ನೆರಳು ಶ್ವಾಸಕೋಶದ ಗಡಿ ದಾಟಿ ಕುತ್ತಿಗೆಯವರೆಗೂ ಹೋಗಿತ್ತು. ರೋಗ ಆಗಿದ್ದರೆ ಶ್ವಾಸಕೋಶ ಬಿಟ್ಟು ಹೊರಗೆ ಯಾಕೆ ಹೋಗುತ್ತದೆ? ಜಡೆ ಮೇಲೆ ಕಟ್ಟಿಸಿ ಮತ್ತೆ ತೆಗೆದೆ, ಏನೂ ಇಲ್ಲ. ಆಕೆಗೆ ಬೇಡದ ಒಂದು ಡೋಸ್ ಕಿರಣ ನನ್ನಿಂದ ಹೋಯಿತು. ಈಗ ಡ್ರಾಯರಿನಲ್ಲಿ ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡ್ ಇಟ್ಟುಕೊಂಡಿದ್ದೀನಿ. ಪಿನ್ನು, ಕ್ಲಿಪ್ಪು ನಡೆಯಲ್ಲ, ಅವೂ ಚಿತ್ರದಲ್ಲಿ ಬೀಳುತ್ತವೆ. ಕರಿಮಣಿ, ತಾಯಿತ, ಉಡಿದಾರದ ಬೆಳ್ಳಿ, ಎಲ್ಲದರ ಕತೆಯೂ ಅಷ್ಟೇ. ಕರಿಮಣಿ ತೆಗೆಯೋಕೆ ಮನಸ್ಸು ಬಾರದವರಿಗೆ, ಬೇರೆಯವರ ಎದುರು ಕೇಳದೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರೆ ಒಪ್ಪುತ್ತಾರೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು, ಬರುತ್ತಾರೆ. ಕುತ್ತಿಗೆಗೆ ಕಾಲರ್ ಹಾಕಿ ಮಲಗಿಸಿದ್ದ ಒಬ್ಬರಿಗೆ ಪಕ್ಕದಿಂದ ಎಕ್ಸ್‌ರೇ ತೆಗೆದೆ, ಏಳನೇ ಕತ್ತಿನ ಮೂಳೆ ಕಾಣಲೇ ಇಲ್ಲ. ಮರ ಹತ್ತಿ ಹತ್ತಿ ಗಟ್ಟಿಯಾದ ಭುಜ ಅಡ್ಡ. ಏಳನೇದೂ ಅದರ ಕೆಳಗಿನದೂ ಸೇರುವ ಜಾಗ ಕಾಣದಿದ್ದರೆ ಆ ಎಕ್ಸ್‌ರೇ ನಂಬುವ ಹಾಗಿಲ್ಲ. ಕೈ ಕೆಳಗೆ ಎಳೆದು ಇನ್ನೊಂದು ತೆಗೆಯೋಣ ಅಂತ ನಾನು ಹೊರಟೆ. ಸೀನಿಯರ್ ತಡೆದರು. "ಮುಟ್ಟಬೇಡ, ಡಾಕ್ಟರ್‌ಗೆ ಹೇಳು." ಸಿಟಿ ಸ್ಕ್ಯಾನಿಗೆ ಕಳಿಸಿದೆವು. ಯಾವಾಗ ಇನ್ನೊಂದು ತೆಗೆಯಬಾರದು ಅನ್ನೋದನ್ನು ನಾನು ಕಲಿತದ್ದು ಅವತ್ತು.

ಮನೆಯವರ ಹೆದರಿಕೆ ಮಾತ್ರ ಬೇರೆ. ಕಿರಣ ತಾಗಿ ಮಕ್ಕಳಾಗಲ್ಲವಂತೆ ಅಂತ ಅಮ್ಮನ ಕಿವಿಗೆ ಯಾರೋ ಊದಿದ್ದರು. ಅಮ್ಮನಿಗೆ ನನ್ನ ಟಿಎಲ್‌ಡಿ ಬ್ಯಾಡ್ಜ್ ತೋರಿಸಿದೆ, ಮೈಗೆ ತಾಗಿದ ಕಿರಣದ ಲೆಕ್ಕ ಇಡುವ ಬ್ಯಾಡ್ಜ್. ಸೀಸದ ಏಪ್ರನ್ ಒಳಗೆ ಎದೆಯ ಹತ್ತಿರ ಹಾಕಿಕೊಳ್ಳುವಂಥದ್ದು, ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಲೆಕ್ಕ ಬರುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಮ್ಮಂಥವರಿಗೆ ಇಟ್ಟಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಕಿರಣದ ಡೋಸ್ ಅಳೆಯುವ ಮಾನ). ನನ್ನದು ಅದರ ಹತ್ತಿರಕ್ಕೂ ಹೋಗಿಲ್ಲ. ಒಂದೇ ಒಂದು ಸಲ ಬ್ಯಾಡ್ಜನ್ನು ಏಪ್ರನ್ ಜೊತೆ ಎಕ್ಸ್‌ರೇ ರೂಮಿನಲ್ಲೇ ನೇತುಹಾಕಿ ಮನೆಗೆ ಹೋಗಿ, ಮರುದಿನ ಸರಿಯಾಗಿ ಬೈಸಿಕೊಂಡಿದ್ದೆ. ನಾನಿಲ್ಲದ ಹೊತ್ತಿನ ಡೋಸೂ ನನ್ನ ಹೆಸರಿಗೇ ಬೀಳುತ್ತದಲ್ಲ!

ಇನ್ನು, ಸ್ಕ್ಯಾನಿಂಗ್ ಕಲಿತು ಸೆಂಟರ್ ಇಡಬಹುದಾ ಅಂತ ಕೇಳುವವರು ಬಹಳ. ಗರ್ಭಿಣಿಯರ ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಮಾಡುವ ಹಾಗಿಲ್ಲ. ಅದಕ್ಕೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿದೆ, ಅರ್ಹತೆ ಇರುವ ಡಾಕ್ಟರೇ ಮಾಡಬೇಕು. ನಮ್ಮ ದಾರಿ ಎಕ್ಸ್‌ರೇ, ಸಿಟಿ, ಎಂಆರ್‌ಐ.

ಸೇರುವವರು ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡಿ. ಶಿವಮೊಗ್ಗಕ್ಕೂ ಮುಂಚಿನ ನನ್ನ ಮೊದಲ ಪೋಸ್ಟಿಂಗ್ ಎರಡು ತಿಂಗಳು ಸುಮ್ನೆ ರಿಜಿಸ್ಟರ್ ಬರೆಯುವುದರಲ್ಲೇ ಹೋಯಿತು. ಆ ಜಾಗದ ಹೆಸರು ಬೇಡ. ನೀವು ಸೇರಬೇಕು ಅಂದುಕೊಂಡ ಕಾಲೇಜಿನಲ್ಲಿ ಓದುತ್ತಿರುವ ಕೊನೆ ವರ್ಷದವರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ದಿನಕ್ಕೆ ಎಷ್ಟು ಎಕ್ಸ್‌ರೇ ನಿಮ್ಮ ಕೈಯಿಂದಲೇ ತೆಗೀತೀರಿ, ವಿದ್ಯಾರ್ಥಿಗಳಿಗೂ ಬ್ಯಾಡ್ಜ್ ಕೊಡ್ತಾರಾ? ಎರಡನೇದಕ್ಕೆ "ಯಾವ ಬ್ಯಾಡ್ಜು?" ಅಂದರೆ ಟೀ ಮುಗಿಸಿ ಎದ್ದು ಬನ್ನಿ.