ಗುಲಾಬಿಗೆ ಮೊದಲು ಕತ್ತರಿ, ಆಮೇಲೆ ಮದ್ದು

ಗುಲಾಬಿಗೆ ರೋಗ ಬಂತು ಅಂದ ತಕ್ಷಣ ಹೆಚ್ಚಿನವರು ಕೇಳುವುದು ಯಾವ ಮದ್ದು ಹೊಡೆಯಬೇಕು ಅಂತ. ನಾನು ಮೊದಲು ಕೈಗೆತ್ತಿಕೊಳ್ಳುವುದು ಕತ್ತರಿ. ಗಿಡದ ನಡುವೆ ಗಾಳಿ ಬಿಸಿಲು ಆಡುತ್ತಿದ್ದರೆ ಎಲೆ ಬೇಗ ಒಣಗುತ್ತದೆ, ಮದ್ದಿನ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಕತ್ತರಿ ಹರಿತವಾಗಿರಲೇಬೇಕು. ಮೊಂಡಾಗಿದ್ದರೆ ಕೊಂಬೆ ಜಜ್ಜಿಹೋಗಿ ಅಲ್ಲಿಂದಲೇ ಒಣಗಲು ಶುರುವಾಗುತ್ತದೆ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ಟಿನಿಂದ ಒರೆಸುತ್ತೇನೆ. ಒಣಗಿದ್ದು, ಕಪ್ಪಾಗಿದ್ದು, ಒಂದಕ್ಕೊಂದು ಉಜ್ಜುವ ಕೊಂಬೆಗಳು ಮೊದಲು ಹೋಗಬೇಕು. ತುದಿಯಿಂದ ಕೆಳಕ್ಕೆ ಒಣಗುತ್ತಾ ಬಂದ ಕೊಂಬೆಯನ್ನು ಕತ್ತರಿಸಿದರೆ ಒಳಗಿನ ತಿರುಳು ನೋಡಿ. ಕಂದು ಬಣ್ಣ ಇದ್ದರೆ ರೋಗ ಇನ್ನೂ ಕೆಳಗಿದೆ ಅಂತ ಅರ್ಥ. ಬೆಳ್ಳಗಿನ ತಿರುಳು ಕಾಣುವವರೆಗೂ ಇಳಿಯುತ್ತೇನೆ. ಚಿಗುರಿರುವ ಕೊಂಬೆ ಕಡಿಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಅಲ್ಲಿ ಕನಿಕರ ತೋರಿಸಿದರೆ ಒಣಗು ಬುಡದವರೆಗೂ ಇಳಿಯುತ್ತದೆ.

ಹೊರಕ್ಕೆ ಮುಖ ಮಾಡಿದ ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು ಹುಡುಕಿ, ಅದರ ಅರ್ಧ ಸೆಂಟಿಮೀಟರ್ ಮೇಲೆ ಓರೆಯಾಗಿ ಕತ್ತರಿಸುತ್ತೇನೆ. ಓರೆ ಕಣ್ಣಿನ ಹಿಂಬದಿಗೆ ಇಳಿದಿರಬೇಕು, ಆಗ ನೀರು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ದಪ್ಪ ಕೊಂಬೆಯ ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚುತ್ತೇನೆ. ಕಸಿ ಗಂಟಿನ ಕೆಳಗೆ ಬರುವ ಚಿಗುರನ್ನು ಮಾತ್ರ ಕತ್ತರಿಸದೆ ಬುಡಸಮೇತ ಕಿತ್ತುಹಾಕುತ್ತೇನೆ. ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ವರ್ಷಕ್ಕೆ ಒಂದೇ ಸಲ ಹೂ ಬಿಡುವ ಬಳ್ಳಿ ಗುಲಾಬಿಯನ್ನು ಹೂ ಮುಗಿದ ಮೇಲೆಯೇ ಸವರಬೇಕು.

ಕಪ್ಪು ಚುಕ್ಕೆ ರೋಗ ಹತ್ತಬೇಕಾದರೆ ಎಲೆ ಸುಮಾರು 7 ಗಂಟೆ ಒದ್ದೆಯಾಗಿರಬೇಕು. ಅದಕ್ಕೇ ನಾನು ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು ಹಾಕುವುದು. ಉದುರಿದ ಎಲೆಯನ್ನು ಬುಡದಲ್ಲಿ ಬಿಡುವುದಿಲ್ಲ, ಗೊಬ್ಬರದ ಗುಂಡಿಗೂ ಹಾಕುವುದಿಲ್ಲ. ಬೂದಿ ರೋಗದ ಕತೆ ಬೇರೆ. ಎಲೆ ಒದ್ದೆಯಾಗದಿದ್ದರೂ ಅದು ಹತ್ತುತ್ತದೆ. ಹಗಲು ಒಣಹವೆ, ರಾತ್ರಿ ತೇವ ಇದ್ದರೆ ಜಾಸ್ತಿ.

ಸವರಿದ ಮೇಲೆ ಬರುವ ಎಳೆ ಚಿಗುರಿಗೆ ಸಸ್ಯಹೇನು ಮುತ್ತುತ್ತದೆ. ಜೋರಾಗಿ ನೀರು ಹಾಯಿಸಿದರೆ ಸಾಕು, ಉದುರಿಹೋಗುತ್ತದೆ. ಗುಲಗಂಜಿ ಹುಳುಗಳು ಕಂಡರೆ ಅದೂ ಬೇಡ, ಅವೇ ತಿಂದು ಮುಗಿಸುತ್ತವೆ. ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು ಮೊಗ್ಗಿನೊಳಗೇ ಅಡಗಿರುತ್ತದೆ. ಎಸಳಿನ ಅಂಚು ಕಂದಾಗಿದ್ದರೆ ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವುತ್ತೇನೆ. ಸಣ್ಣ ಹುಳು ಓಡಾಡಿದರೆ ಆ ಮೊಗ್ಗು, ಹೂಗಳನ್ನು ಕಿತ್ತು ದೂರ ಹಾಕುತ್ತೇನೆ. ಬಿಸಿಲುಗಾಲದಲ್ಲಿ ಎಲೆಯ ಕೆಳಗೆ ಕೆಂಪು ನುಸಿ ಬರುತ್ತದೆ. ಅದು ಕೀಟವಲ್ಲ, ಜೇಡದ ಜಾತಿ. ಎಷ್ಟೋ ಕೀಟನಾಶಕಗಳು ಅದಕ್ಕೆ ನಾಟುವುದೇ ಇಲ್ಲ. ಎಲೆಯ ಅಡಿಗೆ ನೀರು ಹೊಡೆಯುವುದು, ಆಮೇಲೆ ಬೇವಿನ ಎಣ್ಣೆ, ಇದು ನನ್ನ ದಾರಿ. ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಬೆರೆಯಲು ಚೂರು ಸೋಪು. ಸಂಜೆಯೇ ಹೊಡೆಯಿರಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೂದಿ ರೋಗಕ್ಕೆ ಗಂಧಕ ಬಳಸುವವರು ಎಣ್ಣೆಗೂ ಅದಕ್ಕೂ ನಡುವೆ ಎರಡು ವಾರವಾದರೂ ಬಿಡಬೇಕು.