ಹಳೇ ಕಂಪ್ಯೂಟರ್ ಗುಜರಿಗೆ ಹಾಕುವ ಮುಂಚೆ ಇಷ್ಟು ನೋಡಿ

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗಂಗಾವತಿಯ ಅಕ್ಕಿ ಮಿಲ್ಲಿರಲಿ, ಸಿಂಧನೂರಿನ ಗೊಬ್ಬರದ ಅಂಗಡಿಯಿರಲಿ, ಬಳ್ಳಾರಿಯ ಜೆರಾಕ್ಸ್ ಸೆಂಟರ್ ಇರಲಿ, ಎಲ್ಲರದೂ ಒಂದೇ ಪ್ರಶ್ನೆ: ಚೆನ್ನಾಗೇ ಓಡುತ್ತಿರುವ ಕಂಪ್ಯೂಟರ್ ಬದಲಾಯಿಸಲೇಬೇಕಾ? ಬಹಳ ಸಲ ಬೇಕಿಲ್ಲ. ಆದರೆ ಅಪ್‌ಡೇಟ್ ನಿಂತ ಮೆಷಿನ್‌ನಲ್ಲಿ ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಲಾಗಿನ್ ಮಾಡುತ್ತಾ ಕೂರಬೇಡಿ. ಹೊಸದಾಗಿ ಸಿಕ್ಕ ಕಳ್ಳದಾರಿಗಳನ್ನು ಅಲ್ಲಿ ಯಾರೂ ಮುಚ್ಚುವುದಿಲ್ಲ.

ನಿಮ್ಮ ಮೆಷಿನ್‌ಗೆ ವಿಂಡೋಸ್ 11 ಹಿಡಿಸುತ್ತದಾ ಅಂತ ತಿಳಿಯಲು ಮೊದಲು ಪ್ರೊಸೆಸರ್ ಯಾವುದು ಅಂತ ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಒಳಗೆ ಹೋದರೆ ಐ5-7400 ಅಂತಲೋ ಐ5-10400 ಅಂತಲೋ ಇರುತ್ತದೆ. ನಾಲ್ಕು ಅಂಕಿ ಇದ್ದರೆ ಸಾಮಾನ್ಯವಾಗಿ ಮೊದಲನೆಯದು ಜನರೇಶನ್ (ತಲೆಮಾರು), ಐದು ಅಂಕಿ ಇದ್ದರೆ ಅಥವಾ ನಾಲ್ಕಂಕಿಯದು 1ರಿಂದ ಶುರುವಾದರೆ ಮೊದಲ ಎರಡು. ಅಂದರೆ 7400 ಏಳನೇದು, 10400 ಹತ್ತನೇದು. ಒಂದೆರಡು ಮಾಡೆಲ್ ಬಿಟ್ಟರೆ ಇಂಟೆಲ್‌ನಲ್ಲಿ ವಿಂಡೋಸ್ 11ಕ್ಕೆ ಎಂಟನೇ ಜನರೇಶನ್ ಆದರೂ ಬೇಕು. ಎಎಂಡಿ ಆದರೆ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹುಡುಕಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಡಿವೈಸ್ ಸೆಕ್ಯುರಿಟಿಯಲ್ಲಿ ಟಿಪಿಎಂ 2.0 (ರಹಸ್ಯ ಕೀಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಇದೆಯಾ ನೋಡಿ. ಕಾಣದಿದ್ದರೆ ಗಾಬರಿ ಬೇಡ, ಎಷ್ಟೋ ಮೆಷಿನ್‌ಗಳಲ್ಲಿ ಅದು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹುಡುಕಿ ಆನ್ ಮಾಡಿ.

ಇಲ್ಲಿ ನನ್ನ ತಕರಾರು ಹೇಳಿಬಿಡುತ್ತೇನೆ. ಸಪೋರ್ಟ್ ವರ್ಷಗಳನ್ನು ಸಾಫ್ಟ್‌ವೇರ್ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ. ವಿಂಡೋಸ್ 10 ಬಂದಿದ್ದು 2015ರಲ್ಲಿ, ಹತ್ತು ವರ್ಷ ಕೊಟ್ಟೆವು ಅಂತ ಲೆಕ್ಕ. ಆದರೆ 2018ರಲ್ಲಿ ಏಳನೇ ಜನರೇಶನ್ ಮೆಷಿನ್ ಕೊಂಡ ಅಂಗಡಿಯವರಿಗೆ ಸಿಕ್ಕಿದ್ದು ಏಳೇ ವರ್ಷ. ಮೆಷಿನ್ ಕೊನೆಯದಾಗಿ ಮಾರಾಟವಾದ ದಿನದಿಂದ ಹತ್ತು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡಬೇಕು, ಅದನ್ನು ಡಬ್ಬದ ಮೇಲೇ ಅಚ್ಚು ಹಾಕಬೇಕು. ಹಳೆಯದನ್ನೆಲ್ಲ ಟೆಸ್ಟ್ ಮಾಡುತ್ತಾ ಕೂರುವುದಕ್ಕೆ ಖರ್ಚಾಗುತ್ತದೆ, ನಿಜ. ಆದರೆ 1985ರ 386 ಪ್ರೊಸೆಸರನ್ನು, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್‌ನವರು ಕೈಬಿಟ್ಟಿದ್ದು 2012ರಲ್ಲಿ, ಅಷ್ಟೊತ್ತಿಗೆ ಅದನ್ನು ಬಳಸುವವರೇ ಇರಲಿಲ್ಲ ಅನ್ನಬಹುದು. ಕೋಟಿಗಟ್ಟಲೆ ಜನ ದಿನಾ ಬಳಸುವಾಗಲೇ ಬಾಗಿಲು ಹಾಕುವುದು ಬೇರೆ ಮಾತು, ಅಲ್ವಾ?

ಈಗ ದಾರಿ. ಪ್ರೊಸೆಸರ್, ಟಿಪಿಎಂ ಎರಡೂ ಸರಿಯಿದ್ದರೆ ವಿಂಡೋಸ್ 11ಕ್ಕೆ ಹೋಗಿ. ವಿಂಡೋಸ್ 10ರಲ್ಲೇ ಇರಬೇಕಾದರೆ ಅಪ್‌ಡೇಟ್ ಪುಟದಲ್ಲಿ ಇಎಸ್‌ಯು (ಮುಂದುವರಿದ ಸೆಕ್ಯುರಿಟಿ ಅಪ್‌ಡೇಟ್) ಅಂತ ಬರುತ್ತದೆ, ಸೇರಿಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಅಂತ ಘೋಷಿಸಿದ್ದಾರೆ. ಟಿಪಿಎಂ ಚೆಕ್ ತಪ್ಪಿಸಿ ವಿಂಡೋಸ್ 11 ಹಾಕಿಕೊಡುತ್ತೇವೆ ಅನ್ನುವವರಿದ್ದಾರೆ. ಹಾಗೆ ಹಾಕಿದ್ದಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಭರವಸೆ ಇಲ್ಲ. ವ್ಯಾಪಾರದ ಲೆಕ್ಕ ಇರುವ ಮೆಷಿನ್‌ಗೆ ಬೇಡ.

ಬರೀ ಬ್ರೌಸರ್, ಟೈಪಿಂಗ್, ಪ್ರಿಂಟ್ ಕೆಲಸವಾದರೆ ಲಿನಕ್ಸ್ ಮಿಂಟ್ 22 ಹಾಕಿ, 2029ರವರೆಗೆ ಅಪ್‌ಡೇಟ್ ಇದೆ. ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಪ್ರಿಂಟರ್ ಓಡುತ್ತದಾ, ವೈಫೈ ಸಿಗುತ್ತದಾ ನೋಡಿಕೊಳ್ಳಿ. ಟ್ಯಾಲಿ, ಬೆರಳಚ್ಚು ಮೆಷಿನ್, ಡಿಜಿಟಲ್ ಸಹಿಯ ಟೋಕನ್ ಇದ್ದರೆ ಮೊದಲೇ ವಿಚಾರಿಸಿ, ಸಿಕ್ಕಿಬೀಳುವುದು ಜಾಸ್ತಿ ಅಲ್ಲೇ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನು ವಿಂಡೋಸ್‌ನಲ್ಲಿರುವಾಗಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ಒಂದಕ್ಷರವೂ ಓದಲಾಗದು.

ಯಾವುದೇ ದಾರಿ ಹಿಡಿದರೂ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿಸಿ. ಆನ್ ಮಾಡಿ ಚಹಾ ಕುಡಿದು ಬರುವಷ್ಟು ಕಾಯುವುದು ತಪ್ಪುತ್ತದೆ. ಜೊತೆಗೆ ಡಬ್ಬ ಬಿಚ್ಚಿಸಿ. ನಮ್ಮ ಕಡೆ ಮಿಲ್ಲಿನ ಆಫೀಸುಗಳಲ್ಲಿ ತೌಡಿನ ಧೂಳು ಫ್ಯಾನಿನ ಕೆಳಗೆ, ಪ್ರೊಸೆಸರ್ ತಣ್ಣಗಿಡುವ ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಅಂಥ ಪ್ರೊಸೆಸರ್ ಕಾದು ತಾನೇ ನಿಧಾನವಾಗುತ್ತದೆ, ನಾವು ಮೆಷಿನ್ ಹಳೇದಾಯಿತು ಅಂದುಕೊಳ್ಳುತ್ತೇವೆ. ಬ್ಲೋವರ್ ಹೊಡೆಸಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಾಯಿಸಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬರೀ "ಐ5 ಮೆಷಿನ್" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಆರನೇ ಜನರೇಶನ್ನೂ ಐ5, ಹತ್ತನೇದೂ ಐ5. ಆನ್ ಮಾಡಿಸಿ, ಪೂರ್ತಿ ಪ್ರೊಸೆಸರ್ ನಂಬರ್ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.