ಅಪಘಾತ ಪರಿಹಾರದ ಕೇಸು: ಯಾವ ಹಂತಕ್ಕೆ ಎಷ್ಟು ಕಾಲ, ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಎಂವಿಸಿ, ಅಂದರೆ ಮೋಟಾರು ವಾಹನ ಅಪಘಾತ ಪರಿಹಾರದ ಕೇಸು ಹಾಕಿದವರು ವಕೀಲರನ್ನು ಮೊದಲು ಕೇಳುವುದು ‘ಎಷ್ಟು ಬರುತ್ತೆ ಸಾರ್?’ ಅಂತ. ಅದರ ಬೆನ್ನಿಗೇ ‘ಯಾವಾಗ ಬರುತ್ತೆ?’ ಎರಡನೆಯದಕ್ಕೆ ‘ನೋಡೋಣ’ ಎಂಬ ಉತ್ತರ ಬಂದರೆ ಬೇಸರ ಬೇಡ. ವರ್ಷದೊಳಗೆ ಲೋಕ ಅದಾಲತ್‌ನಲ್ಲಿ ರಾಜಿಯಾದ ಕೇಸುಗಳಿವೆ, ಹೈಕೋರ್ಟ್ ಮೆಟ್ಟಿಲು ಹತ್ತಿ ಐದಾರು ವರ್ಷ ಎಳೆದವೂ ಇವೆ. ಎಲ್ಲ ತಡಕ್ಕೂ ಕೋರ್ಟನ್ನೇ ದೂರುತ್ತೇವೆ. ಆದರೆ ಅರ್ಧ ತಡ ಹುಟ್ಟುವುದು ಅಪಘಾತವಾದ ಮೊದಲ ಕೆಲವು ದಿನಗಳ ಕಾಗದಪತ್ರದಲ್ಲಿ. ಇನ್ನು ಸ್ವಲ್ಪ ತಡ ಬೇಕಾದದ್ದೇ. ಅದನ್ನು ಕಾಯದೆ ರಾಜಿಯಾದವರು ದುಡ್ಡು ಕಳೆದುಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ಬರೆಸುವ ಮೊದಲ ಸಾಲು

ಗಾಯಾಳುವನ್ನು ಕರೆತಂದಾಗ ಡ್ಯೂಟಿ ಡಾಕ್ಟರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ) ಪುಸ್ತಕದಲ್ಲಿ ಪೆಟ್ಟು ಹೇಗಾಯಿತೆಂದು ಬರೆದುಕೊಳ್ಳುತ್ತಾರೆ. ಗಾಬರಿಯಲ್ಲಿರುವ ಮನೆಯವರು, ಪೊಲೀಸರ ತಾಪತ್ರಯ ಯಾಕೆ ಎಂದುಕೊಂಡೋ ಏನೋ, ‘ಬೈಕಿಂದ ಬಿದ್ದರು’ ಎಂದುಬಿಡುತ್ತಾರೆ. ನಾಲ್ಕು ದಿನ ಕಳೆದು ಠಾಣೆಯಲ್ಲಿ ಕೊಟ್ಟ ದೂರಿನಲ್ಲಿ ‘ಕಾರು ಗುದ್ದಿತು’ ಎಂದಿರುತ್ತದೆ. ವಿಮಾ ಕಂಪನಿಯ ವಕೀಲರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡ. ಆಸ್ಪತ್ರೆಯ ದಾಖಲೆ ತರಿಸಿ, ಅದನ್ನು ನೋಡಿಕೊಳ್ಳುವವರನ್ನು ಸಾಕ್ಷಿಗೆ ಕರೆಸಿ, ವಾಹನವನ್ನು ಆಮೇಲೆ ಸೇರಿಸಿದ್ದಾರೆ ಎಂದು ಪಾಟೀ ಸವಾಲು ಶುರುವಾಗುತ್ತದೆ. ರಾಜಿಯಲ್ಲಿ ಮುಗಿಯಬೇಕಿದ್ದ ಕೇಸು ಪೂರ್ತಿ ವಿಚಾರಣೆಗೆ ನಿಲ್ಲುವುದು ಹೀಗೆ.

ಆದ್ದರಿಂದ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಾಹನದಿಂದ ಎಂಬುದನ್ನು ಇದ್ದಂತೆ ಹೇಳಿ. ವಾಹನದ ನಂಬರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಸಿ. ವಿಮೆ ಇರುವ ಬೇರೆ ಯಾರದೋ ಗಾಡಿಯನ್ನು ‘ಸೆಟ್ ಮಾಡಿಕೊಡುತ್ತೇನೆ’ ಎನ್ನುವ ದಲ್ಲಾಳಿ ಆಸ್ಪತ್ರೆಯ ಬಾಗಿಲಲ್ಲೇ ಸಿಕ್ಕಿಯಾನು. ಅವನ ಮಾತು ಕೇಳಿದರೆ ಪರಿಹಾರ ಹೋಗುವುದಲ್ಲದೆ ಕ್ರಿಮಿನಲ್ ಕೇಸೂ ಮೈಮೇಲೆ ಬರುತ್ತದೆ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸಿಗುತ್ತದೆ. ಮೊತ್ತ ಸಣ್ಣದು, ಆದರೆ ನ್ಯಾಯವಾದದ್ದು.

ಚಿಕಿತ್ಸೆಯ ಖರ್ಚಿಗೆ ಪರಿಹಾರ ಬರುವವರೆಗೆ ಕಾಯಬೇಕಿಲ್ಲ. ಕೇಂದ್ರ ಸರ್ಕಾರ 2025ರ ಮೇನಲ್ಲಿ ಹೊರಡಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯುಂಟು. ಸೇರಿಸುವಾಗಲೇ ಕೇಳಿ.

ಪೊಲೀಸರಿಗೂ ಗಡುವಿದೆ

2022ರಲ್ಲಿ ಬಂದ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ವರದಿಯನ್ನು, 50 ದಿನದೊಳಗೆ ಮಧ್ಯಂತರ ವರದಿಯನ್ನು, 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನು ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಗೆ ಕೊಡಬೇಕು. ವಿಮಾ ಕಂಪನಿಯ ಗೊತ್ತುಪಡಿಸಿದ ಅಧಿಕಾರಿ ವಿವರವಾದ ವರದಿ ಕೈಸೇರಿದ 30 ದಿನದೊಳಗೆ ತನ್ನ ನಿಲುವು ತಿಳಿಸಬೇಕು. ಎಲ್ಲ ಠಾಣೆಗಳಲ್ಲೂ ಹೀಗೇ ನಡೆದಿದ್ದರೆ ಈ ಲೇಖನ ಬೇಕಿರಲಿಲ್ಲ! ಆದರೂ ಗಡುವು ಗೊತ್ತಿದ್ದವರು ಕೇಳುವ ರೀತಿಯೇ ಬೇರೆ. ಎಫ್‌ಐಆರ್, ದೂರಿನ ಪ್ರತಿ, ಸ್ಥಳ ಮಹಜರು, ನಕ್ಷೆ, ಐಎಂವಿ ವರದಿ (ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ), ಗಾಯದ ಪ್ರಮಾಣಪತ್ರ, ಕೊನೆಗೆ ದೋಷಾರೋಪ ಪಟ್ಟಿ: ಇಷ್ಟರ ಪ್ರತಿಗಳನ್ನು ಕೈಯಲ್ಲಿಟ್ಟುಕೊಳ್ಳಿ.

ಅರ್ಜಿಗೆ ಆರು ತಿಂಗಳು

ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿ ಹಾಕಲು ಮೊದಲು ಕಾಲಮಿತಿ ಇರಲಿಲ್ಲ. 2019ರ ತಿದ್ದುಪಡಿ ತಂದ ಆರು ತಿಂಗಳ ಮಿತಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಅಲ್ಲಿ ಏನಾದರೂ ಆಗಲಿ, ಆರು ತಿಂಗಳೊಳಗೆ ಹಾಕುವುದೇ ಕ್ಷೇಮ. ಬಡ್ಡಿಯನ್ನೂ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿಯುವುದರಿಂದ ತಡ ಮಾಡಿದರೆ ನಷ್ಟ ನಿಮಗೇ.

ಅಪಘಾತವಾದ ಊರಿಗೇ ಓಡಬೇಕಿಲ್ಲ. ಹಿರಿಯೂರಿನ ಹತ್ತಿರ ಪೆಟ್ಟಾಗಿ ನೀವಿರುವುದು ಬೆಂಗಳೂರಿನಲ್ಲಾದರೆ ಇಲ್ಲಿನ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಮಂಡಳಿಯಲ್ಲೇ ಹಾಕಬಹುದು. ವಿಚಾರಣೆಗೆ ಎಷ್ಟು ಸಲ ಹೋಗಬೇಕಾದೀತು ಎಂದು ಯೋಚಿಸಿ ಜಾಗ ಆರಿಸಿ.

ನೋಟಿಸು ಮುಟ್ಟುವವರೆಗೆ

ಇಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಸೋರಿಹೋಗುತ್ತದೆ. ವಿಮಾ ಕಂಪನಿಗೆ ಕಚೇರಿ ಇದೆ, ನೋಟಿಸು ಮುಟ್ಟುತ್ತದೆ. ವಾಹನದ ಮಾಲೀಕನದ್ದೇ ಕಷ್ಟ. ಆರ್‌ಸಿಯಲ್ಲಿರುವ ವಿಳಾಸ ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ, ಗಾಡಿ ಎರಡು ಕೈ ಬದಲಾಗಿರುತ್ತದೆ. ನೋಟಿಸು ವಾಪಸ್, ಮತ್ತೊಂದು ತಾರೀಕು, ಮತ್ತೆ ವಾಪಸ್, ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ. ಅರ್ಜಿ ಹಾಕುವ ಮುನ್ನವೇ ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ (ವಾಹನದ ನೋಂದಣಿ ವಿವರದ ಪ್ರತಿ) ತೆಗೆಸಿ ಈಗಿನ ಮಾಲೀಕ ಯಾರೆಂದು ನೋಡಿಕೊಂಡರೆ ಇದಷ್ಟೂ ಉಳಿಯುತ್ತದೆ. ಕೇಸಿನ ಮುಂದಿನ ತಾರೀಕು, ಹಂತ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಾಣುತ್ತದೆ. ವಕೀಲರನ್ನು ‘ಕೇಸು ಏನಾಯ್ತು?’ ಎಂದು ಕೇಳುವ ಬದಲು ‘ಮಾಲೀಕನಿಗೆ ನೋಟಿಸು ಜಾರಿಯಾಯಿತೇ?’ ಎಂದು ಕೇಳಿ. ಉತ್ತರ ಬೇಗ ಬರುತ್ತದೆ.

ಮೂಳೆಗೆ ಬೇಕಾದ ಸಮಯ

ಇದನ್ನು ಯಾರೂ ಅವಸರಪಡಿಸಬಾರದು. ಗಾಯದ ಕೇಸಿನಲ್ಲಿ ದೊಡ್ಡ ಮೊತ್ತ ಬರುವುದು ಶಾಶ್ವತ ಅಂಗವೈಕಲ್ಯದಿಂದ ಮುಂದೆ ತಪ್ಪುವ ದುಡಿಮೆಯ ಲೆಕ್ಕದಲ್ಲಿ. ಮೂಳೆ ಕೂಡಿ, ಫಿಸಿಯೊಥೆರಪಿ ಮುಗಿದು, ಇನ್ನು ಇದಕ್ಕಿಂತ ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳುವ ಮೊದಲು ಆ ಶೇಕಡಾವಾರು ತಿಳಿಯುವುದಿಲ್ಲ.

ಲೆಕ್ಕ ಹೀಗೆ: 34 ವರ್ಷದ ಗಾರೆ ಮೇಸ್ತ್ರಿಯೊಬ್ಬರಿಗೆ ತಿಂಗಳಿಗೆ 15,000 ಆದಾಯ ಎಂದು ನ್ಯಾಯಮಂಡಳಿ ಹಿಡಿಯಿತೆನ್ನಿ. ವರ್ಷಕ್ಕೆ 1,80,000. ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿಪಡಿಸಿದ ಪಟ್ಟಿಯಂತೆ 31ರಿಂದ 35ರ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 16. ಅಲ್ಲಿಗೆ 28,80,000. ವೈಕಲ್ಯ ಶೇ 10 ಆದರೆ 2,88,000, ಶೇ 15 ಆದರೆ 4,32,000. ಐದು ಅಂಶದ ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಲಕ್ಷ. ನೋವು, ಚಿಕಿತ್ಸೆ, ಮಲಗಿದ್ದ ತಿಂಗಳುಗಳ ಸಂಬಳ ಇವೆಲ್ಲ ಬೇರೆ.

ಕಾಲಿಗೆ ಶೇ 30 ಎಂದು ಡಾಕ್ಟರು ಬರೆದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಪಾಲನ್ನು ಹಿಡಿಯುವುದು ನಮ್ಮಲ್ಲಿ ರೂಢಿ. ಆದರೆ ಮುಖ್ಯವಾದದ್ದು ಆ ವೈಕಲ್ಯ ನಿಮ್ಮ ಕೆಲಸಕ್ಕೆ ಎಷ್ಟು ಅಡ್ಡಿ ಎಂಬುದು. ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಬಿಡಿಸಿ ಹೇಳಿದೆ: ಕೈ ಕಳೆದುಕೊಂಡ ಡ್ರೈವರ್‌ಗೂ ಗುಮಾಸ್ತನಿಗೂ ನಷ್ಟ ಒಂದೇ ಅಲ್ಲ. ಏಣಿ ಹತ್ತಲಾಗದ ಮೇಸ್ತ್ರಿ ಅದನ್ನು ತನ್ನ ಸಾಕ್ಷ್ಯದಲ್ಲಿ ಬಿಡಿಸಿ ಹೇಳಬೇಕು.

ಚಿಕಿತ್ಸೆ ಕೊಟ್ಟ ಡಾಕ್ಟರೇ ಸಾಕ್ಷಿ ಹೇಳುವುದು ಒಳ್ಳೆಯದು. ಒಂದೇ ಸಲ ನೋಡಿ ಸರ್ಟಿಫಿಕೇಟು ಬರೆದವರ ಮಾತಿಗೆ ತೂಕ ಕಡಿಮೆ. ಡಾಕ್ಟರಿಗೆ ಬಿಡುವಾಗದೆ ತಾರೀಕು ಮುಂದೆ ಹೋಗುತ್ತಲೇ ಇದ್ದರೆ ಕೋರ್ಟ್ ನೇಮಿಸುವ ಕಮಿಷನರ್ ಮೂಲಕ ಸಾಕ್ಷ್ಯ ದಾಖಲಿಸಲು ಕೋರಬಹುದು. ರಾಡು ತೆಗೆಸುವ ಆಪರೇಷನ್ ಬಾಕಿ ಇದ್ದರೆ ಅದರ ಖರ್ಚಿನ ಅಂದಾಜನ್ನೂ ಬರೆಸಿಕೊಳ್ಳಿ.

ರಾಜಿಯೋ, ತೀರ್ಪೋ

ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತದೆ. ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ವೇಗ ಸಿಗುವುದು ಅದಕ್ಕೇ, ಅಪಾಯವೂ ಅದೇ. ನನ್ನ ಅಭಿಪ್ರಾಯ: ವೈಕಲ್ಯ ಪ್ರಮಾಣಪತ್ರ ಕೈಗೆ ಬಂದು, ಮೇಲಿನಂತೆ ಲೆಕ್ಕ ಹಾಕಿಕೊಂಡು, ಕಂಪನಿ ಹೇಳಿದ ಮೊತ್ತ ಅದಕ್ಕೆ ಸ್ವಲ್ಪವೇ ಕಡಿಮೆ ಇದ್ದರೆ ಒಪ್ಪಿಕೊಳ್ಳಿ. ಅರ್ಧಕ್ಕೆ ಕರೆದರೆ ಎದ್ದುಬನ್ನಿ. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ, ತಪ್ಪು ನಿಮ್ಮದೂ ಇದೆ ಎಂಬಂಥ ತಕರಾರಿದ್ದರೆ ಮಾತ್ರ ತೀರ್ಪಿಗೆ ಕಾಯುವುದು ಅನಿವಾರ್ಯವಾಗಬಹುದು.

ತೀರ್ಪಿನ ನಂತರ

ತೀರ್ಪಿನ ಮೊತ್ತವನ್ನು 30 ದಿನದೊಳಗೆ ಠೇವಣಿ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೈಕೋರ್ಟಿಗೆ ಮೇಲ್ಮನವಿ ಹೋಗಲು 90 ದಿನ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವೇ ಇಲ್ಲ. ಕಂಪನಿ ಹೈಕೋರ್ಟಿಗೆ ಹೋಗಿದೆ ಎಂಬ ಮಾತ್ರಕ್ಕೆ ಹಣ ತಾನಾಗಿ ನಿಲ್ಲುವುದಿಲ್ಲ. ತಡೆಯಾಜ್ಞೆ ಇದೆಯೇ, ಎಷ್ಟು ಠೇವಣಿ ಇಡಲು ಹೇಳಿದ್ದಾರೆ ಎಂದು ವಿಚಾರಿಸಿ. ತಡೆಯೂ ಇಲ್ಲ, ಹಣವೂ ಇಲ್ಲ ಎಂದಾದರೆ ತೀರ್ಪನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಬೇಕು. ಪರಿಹಾರ ಕೊಡದ ಸಾರಿಗೆ ನಿಗಮದ ಬಸ್ಸನ್ನು ನಿಲ್ದಾಣದಲ್ಲೇ ಜಪ್ತಿ ಮಾಡಿದ ಸುದ್ದಿ ಆಗಾಗ ಓದುತ್ತೀರಲ್ಲ, ಅದು ಇದೇ ಅರ್ಜಿಯ ಫಲ.

ಠೇವಣಿಯಾದ ಹಣದಲ್ಲಿ ಒಂದು ಪಾಲನ್ನು ನ್ಯಾಯಮಂಡಳಿ ಎಫ್‌ಡಿಯಲ್ಲಿ ಇಡಿಸಬಹುದು, ಉಳಿದದ್ದು ಬ್ಯಾಂಕ್ ಖಾತೆಗೆ. ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಹೆಸರು ಮತ್ತು ಇನಿಷಿಯಲ್ ಅರ್ಜಿಯಲ್ಲಿರುವಂತೆಯೇ ಇವೆಯೇ ಎಂದು ತೀರ್ಪು ಬರುವ ಮೊದಲೇ ನೋಡಿಕೊಳ್ಳಿ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಅಫಿಡವಿಟ್ಟು, ಮತ್ತೊಂದು ತಾರೀಕು.